ಶಾಲೆಯಂಗಳದ ಚಾವಣಿ: ಮೊದಲು ಕಂಬದ ಬುಡ ನೋಡಿ

ಬೆಳಗಿನ ಪ್ರಾರ್ಥನೆಗೆ, ಮಧ್ಯಾಹ್ನದ ಬಿಸಿಯೂಟಕ್ಕೆ, ಮಳೆಗಾಲದ ಆಟಕ್ಕೆ ಅಂಗಳದಲ್ಲೊಂದು ತೆರೆದ ಚಾವಣಿ ಇದ್ದರೆ ಶಾಲೆಗೆ ಎಷ್ಟೋ ಅನುಕೂಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತು ಬರುತ್ತದೆ, ಹಳೆಯ ವಿದ್ಯಾರ್ಥಿಗಳೋ ಊರಿನ ದಾನಿಗಳೋ ದುಡ್ಡು ಕೊಡಲು ಮುಂದೆ ಬರುತ್ತಾರೆ, ವೆಲ್ಡಿಂಗ್ ಅಂಗಡಿಯವರು ಬಂದು ಟೇಪು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಚರ್ಚೆಯೆಲ್ಲ ಶೀಟಿನ ಬಣ್ಣ, ಶೀಟಿನ ಕಂಪನಿ, ಚದರ ಅಡಿಯ ದರ ಇಷ್ಟರಲ್ಲೇ ಮುಗಿದುಹೋಗುತ್ತದೆ. ಮಕ್ಕಳು ಅದರಡಿ ಕೂರುವವರು ಎಂಬುದನ್ನು ನೆನೆದರೆ ಶೀಟಿನ ಮಾತು ಕೊನೆಗೆ ಬರಬೇಕು. ಮೊದಲ ಪ್ರಶ್ನೆ ಇದು: ಪ್ರತಿ ಕಂಬದ ಬುಡಕ್ಕೆ ಎಷ್ಟು ಕಾಂಕ್ರೀಟ್ ಹಾಕುತ್ತೀರಿ?

ಇಂಥ ಚಾವಣಿಗೆ ಭಾರದಿಂದ ಬರುವ ಅಪಾಯ ಕಡಿಮೆ, ಗಾಳಿಯಿಂದ ಬರುವುದೇ ಹೆಚ್ಚು. ಸುತ್ತ ಗೋಡೆಯಿಲ್ಲದ ಕಾರಣ ಗಾಳಿ ಅಡಿಯಿಂದ ನುಗ್ಗಿ ಶೀಟನ್ನು ಮೇಲಕ್ಕೆ ಒತ್ತುತ್ತದೆ. ಮೇಲಿನಿಂದ ಹಾದುಹೋಗುವ ಗಾಳಿ ಅದನ್ನು ಇನ್ನಷ್ಟು ಸೆಳೆಯುತ್ತದೆ. ಬಿರುಗಾಳಿಯಲ್ಲಿ ಕೊಡೆ ಮಗುಚಿಕೊಳ್ಳುವುದು ಹೀಗೆಯೇ. ಕಟ್ಟಡಗಳ ಮೇಲೆ ಬೀಳುವ ಗಾಳಿಯ ಹೊರೆಯನ್ನು ಲೆಕ್ಕ ಹಾಕಲು ನಮ್ಮಲ್ಲಿ ಐಎಸ್ 875ರ ಮೂರನೇ ಭಾಗ ಎಂಬ ಮಾನಕವಿದೆ. 2015ರಲ್ಲಿ ಅದು ಪರಿಷ್ಕಾರಗೊಂಡಿತು. ಐವತ್ತು ವರ್ಷದಲ್ಲಿ ಒಮ್ಮೆ ಬೀಸಬಹುದಾದ ಗಾಳಿಯ ವೇಗವನ್ನು ಅದು ಊರೂರಿಗೆ ಹೇಳುತ್ತದೆ. ಬೆಂಗಳೂರು, ಮೈಸೂರುಗಳಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮಂಗಳೂರಿಗೆ 39 ಮೀಟರ್, ಗಂಟೆಗೆ ಸುಮಾರು 140 ಕಿ.ಮೀ. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಹಾಗಾಗಿ ಮಂಗಳೂರಿನ ಚಾವಣಿ ಶೇ 40ರಷ್ಟು ಹೆಚ್ಚು ಒತ್ತಡ ತಾಳಬೇಕು. ಮೈಸೂರಿನ ಶಾಲೆಯಲ್ಲಿ ನೋಡಿಬಂದ ವಿನ್ಯಾಸವನ್ನು ಕರಾವಳಿಯಲ್ಲಿ ಹಾಗೆಯೇ ನಕಲು ಮಾಡಬಾರದು.

ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ, ಎಂಟು ಕಂಬದ ಚಾವಣಿಯನ್ನು ತೆಗೆದುಕೊಳ್ಳಿ. ಸುಮಾರು 74 ಚದರ ಮೀಟರ್. ಬೆಂಗಳೂರಿನ ವೇಗಕ್ಕೆ ಚದರ ಮೀಟರಿಗೆ 65 ಕೆ.ಜಿ.ಯಷ್ಟು ಒತ್ತಡ ಬರುತ್ತದೆ. ಚಾವಣಿಯ ಆಕಾರ, ಸುತ್ತಲಿನ ಬಯಲು, ಕಟ್ಟಡ ನೋಡಿ ಎಂಜಿನಿಯರು ಈ ಅಂಕಿಯನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಅದರ ಮುಕ್ಕಾಲು ಪಾಲು ಮೇಲಕ್ಕೆ ಎತ್ತಿತು ಎಂದುಕೊಂಡರೂ ಒಟ್ಟು ಮೂರೂವರೆ ಟನ್. ಶೀಟು, ಪೈಪು ಎಲ್ಲ ಸೇರಿ ಒಂದು ಟನ್ನಿನ ಆಸುಪಾಸು ತೂಗಬಹುದು. ಉಳಿದ ಎರಡೂವರೆ ಟನ್ನನ್ನು ಕೆಳಗೆ ಹಿಡಿದಿಡಬೇಕಾದದ್ದು ಬುಡದ ಕಾಂಕ್ರೀಟು. ಎರಡಡಿ ಚೌಕದ, ಮೂರಡಿ ಆಳದ ಗುಂಡಿ ತುಂಬಿದರೆ ಅದು ಸುಮಾರು 800 ಕೆ.ಜಿ. ತೂಗುತ್ತದೆ. ಅವಸರಕ್ಕೆ ತೋಡುವ ಒಂದಡಿ ಚೌಕದ, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಸಿಗುವುದು 100 ಕೆ.ಜಿ. ಮಾತ್ರ. ಎಂಟು ಕಂಬಕ್ಕೂ ಅಷ್ಟೇ ಹಾಕಿದರೆ ಎಲ್ಲ ಸೇರಿ ಒಂದು ಟನ್ನೂ ಆಗುವುದಿಲ್ಲ. ಗುಂಡಿ ಮುಚ್ಚಿದ ಮೇಲೆ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಆದ್ದರಿಂದ ಕಾಂಕ್ರೀಟ್ ಸುರಿಯುವ ದಿನ ಎಸ್‌ಡಿಎಂಸಿಯವರೊಬ್ಬರು ಅಳತೆ ಕೋಲು ಹಿಡಿದು ಅಲ್ಲೇ ನಿಂತಿರಬೇಕು, ಫೋಟೋ ತೆಗೆದಿಟ್ಟುಕೊಳ್ಳಬೇಕು. ಎರೆ ಮಣ್ಣಿನ ಊರುಗಳಲ್ಲಿ ಈ ಲೆಕ್ಕವೂ ಸಾಲದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಬುಡ ಎಷ್ಟು ಆಳಕ್ಕೆ ಹೋಗಬೇಕೆಂದು ಎಂಜಿನಿಯರೇ ಹೇಳಬೇಕು.

ಪೈಪನ್ನು ನೇರವಾಗಿ ಮಣ್ಣಿಗೆ ಹೂಳಿಸಿಕೊಳ್ಳಬೇಡಿ. ನೆಲಮಟ್ಟದಲ್ಲೇ ಅದು ತುಕ್ಕು ಹಿಡಿದು ತುಂಡಾಗುತ್ತದೆ. ಕಾಂಕ್ರೀಟನ್ನು ನೆಲದಿಂದ ಅರ್ಧ ಅಡಿ ಮೇಲಕ್ಕೆ ಎತ್ತಿ, ಅದರೊಳಗೆ ಕೂರಿಸಿದ ಬೋಲ್ಟುಗಳಿಗೆ ಕಂಬದ ಬೇಸ್ ಪ್ಲೇಟನ್ನು ಬಿಗಿಯಬೇಕು. ಬುಡ ಗಟ್ಟಿಯಾದ ಮೇಲೆ ಗಾಳಿ ಹುಡುಕುವುದು ಮುಂದಿನ ದುರ್ಬಲ ಜಾಗವನ್ನು. ಹೆಚ್ಚಾಗಿ ಅದು ಶೀಟಿನ ಸ್ಕ್ರೂ. ಚಾವಣಿಯ ಅಂಚು, ಮೂಲೆಗಳಲ್ಲಿ ಸೆಳೆತ ಅತಿ ಹೆಚ್ಚು, ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿ ಇರಬೇಕು. ನಡುವೆಯೂ ಅಂಚಿಗೂ ಒಂದೇ ಅಂತರ ಹಾಕುವ ರೂಢಿಯನ್ನು ಒಪ್ಪಬೇಡಿ.

ಮಳೆಯ ಲೆಕ್ಕ ಬೇರೆ. ಇದೇ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಸುರಿದರೆ 740 ಲೀಟರ್ ನೀರು ಇಳಿಯುತ್ತದೆ. ದೋಣಿ, ಪೈಪು ಇಲ್ಲದಿದ್ದರೆ ಅಷ್ಟೂ ನೀರು ಮಕ್ಕಳು ಓಡಾಡುವ ದಾರಿಯನ್ನು ಕೆಸರು ಮಾಡಿ, ಕಂಬದ ಬುಡವನ್ನೇ ಕೊರೆಯುತ್ತದೆ. ಅದನ್ನು ತೊಟ್ಟಿಗೆ ತಿರುಗಿಸಿದರೆ ಕೈತೋಟಕ್ಕೂ ಶೌಚಾಲಯಕ್ಕೂ ಆಯಿತು. ಇನ್ನು ಎರಚಲು. ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೆ ಹತ್ತಡಿ ಎತ್ತರದ ಸೂರಿನಡಿಗೆ ಹತ್ತಡಿ ಒಳಕ್ಕೆ ನೀರು ಬರುತ್ತದೆ, ಇಪ್ಪತ್ತಡಿ ಅಗಲದ ಚಾವಣಿಯಲ್ಲಿ ಅರ್ಧ ಜಾಗ ಒದ್ದೆ. ಕರಾವಳಿ, ಮಲೆನಾಡಿನ ಹಳೆಯ ಮನೆಗಳ ಸೂರು ತಗ್ಗಿರುವುದು ಇದಕ್ಕೇ. ಮಳೆ ಬರುವ ಪಡುವಣ ಬದಿಯ ಸೂರನ್ನು ಆದಷ್ಟು ತಗ್ಗಿಸಿ, ಆದರೆ ದೊಡ್ಡವರ ತಲೆಗೆ, ಜಿಗಿಯುವ ಹುಡುಗರ ಕೈಗೆ ಶೀಟಿನ ಅಂಚು ತಾಗದಂತೆ.

ಎರಚಲು ತಡೆಯಲು ಆಮೇಲೆ ಬದಿಗೆ ತಾಡಪಾಲು ಕಟ್ಟುವುದು ಬಹಳ ಕಡೆ ಕಾಣುತ್ತದೆ. ಇದು ನಿಜಕ್ಕೂ ಅಪಾಯ. ಒಂದು ಕಡೆಯಿಂದ ನುಗ್ಗಿದ ಗಾಳಿ ಆಚೆ ಬದಿಯ ತಾಡಪಾಲಿಗೆ ತಡೆದು ನಿಂತು ಶೀಟನ್ನು ಇನ್ನೂ ಜೋರಾಗಿ ಎತ್ತುತ್ತದೆ. ಬದಿ ಮುಚ್ಚುವ ಯೋಚನೆ ಇದ್ದರೆ ವಿನ್ಯಾಸಕ್ಕೆ ಮೊದಲೇ ಹೇಳಬೇಕು.

ಈಗ ಶೀಟಿಗೆ ಬರೋಣ. ಬಣ್ಣದ ಕಬ್ಬಿಣದ ಶೀಟು ಬಾಳಿಕೆ ಬರುತ್ತದೆ. ಬಿಸಿಲಿಗೆ ಕಾಯುತ್ತದೆ, ಮಳೆಗೆ ಸದ್ದು ಮಾಡುತ್ತದೆ. ತಿಳಿ ಬಣ್ಣ ಆರಿಸಿ, ಅಡಿಗೆ ಬೆಂಕಿ ಹತ್ತದ ಉಷ್ಣನಿರೋಧಕ ಪದರ ಹಾಕಿಸಿದರೆ ಎರಡೂ ತಗ್ಗುತ್ತವೆ. ಪಾಲಿಕಾರ್ಬೊನೇಟಿನಲ್ಲಿ ಬೆಳಕು ಚೆನ್ನ. ಅದರ ಸಾಮಾನ್ಯ ಶೀಟುಗಳಲ್ಲಿ ಬಿಸಿಲು ತಡೆಯುವ ಲೇಪ ಒಂದೇ ಮುಖಕ್ಕಿರುತ್ತದೆ, ತಿರುಗುಮುರುಗಾಗಿ ಹೊದಿಸಿದರೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಅದು ಬಿಸಿಲಿಗೆ ಹಿಗ್ಗುವುದರಿಂದ ಸ್ಕ್ರೂವಿನ ತೂತು ಸ್ವಲ್ಪ ದೊಡ್ಡದಿರಬೇಕು. ಹಸಿರು ಶೇಡ್ ನೆಟ್ ನೆರಳಿಗಷ್ಟೇ, ಮಳೆಗಲ್ಲ. ಸಿಮೆಂಟ್ ಶೀಟು ಎಂದು ಮಾರುವುದರಲ್ಲಿ ಕಲ್ನಾರು ಇದ್ದರೆ, ಎಷ್ಟೇ ಅಗ್ಗವಾದರೂ ಶಾಲೆಗೆ ಬೇಡವೇ ಬೇಡ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಖಚಿತ ಮಾತು.

ತೆಂಗಿನ ಗರಿ, ಅಡಿಕೆ ಸೋಗೆಯ ಚಪ್ಪರ ತಂಪು, ನಿಜ. ಆದರೆ 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಬಿಸಿಯೂಟದ ಅಡುಗೆಮನೆ ಇರುವ ಶಾಲೆಯಲ್ಲಿ ಉರಿಯುವ ಯಾವ ವಸ್ತುವನ್ನೂ ಮಕ್ಕಳ ತಲೆಯ ಮೇಲೆ ಹೊದಿಸಬಾರದು, ಒಂದು ದಿನದ ವಾರ್ಷಿಕೋತ್ಸವಕ್ಕೂ. ಚಾವಣಿಯನ್ನು ಅಡುಗೆಮನೆಯಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಿಡಿ. ಲೈಟು, ಫ್ಯಾನು ಹಾಕುವುದಾದರೆ ಕಬ್ಬಿಣದ ಕಂಬಗಳಿಗೆ ಅರ್ಥಿಂಗ್ ಕಡ್ಡಾಯ. ಸಿಡಿಲಿನಿಂದ ಇಂಥ ತೆರೆದ ಚಾವಣಿ ಕಾಪಾಡುವುದಿಲ್ಲ. ಮೊದಲ ಗುಡುಗು ಕೇಳಿದಾಗಲೇ ಮಕ್ಕಳನ್ನು ತರಗತಿಯೊಳಗೆ ಕಳಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಕೂರಿಸಬೇಕು.

ನಮ್ಮಲ್ಲಿ ಬಿರುಗಾಳಿ, ಆಲಿಕಲ್ಲು ಹೆಚ್ಚಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ. ಸಡಿಲವಾದ ಸ್ಕ್ರೂ, ಬಿರಿದ ವೆಲ್ಡಿಂಗ್ ಯಾರ ಕಣ್ಣಿಗೂ ಬೀಳದೆ ಉಳಿಯುವ ಕಾಲವದು. ಶಾಲೆ ತೆರೆಯುವ ಮುಂಚಿನ ವಾರ ಒಬ್ಬ ವೆಲ್ಡರನ್ನು ಕರೆಸಿ ಬೋಲ್ಟು, ಬೆಸುಗೆ, ಗಟ್ಟಿಯಾಗಿ ಒಡೆದ ರಬ್ಬರ್ ವಾಷರು, ಕಂಬದ ಬುಡದ ತುಕ್ಕು, ದೋಣಿಯಲ್ಲಿ ತುಂಬಿದ ತರಗೆಲೆ ಎಲ್ಲವನ್ನೂ ನೋಡಿಸಬೇಕು. ಈ ಖರ್ಚನ್ನು ಎಸ್‌ಡಿಎಂಸಿ ಪ್ರತಿವರ್ಷದ ಲೆಕ್ಕದಲ್ಲೇ ಸೇರಿಸಲಿ. ದಾನಿಗಳು ಚಾವಣಿಗೆ ಕೊಟ್ಟಾರು, ವಾಷರಿಗೆ ಯಾರೂ ಕೊಡುವುದಿಲ್ಲ.

ಕೊಟೇಶನ್ ತರಿಸುವಾಗ ಚದರ ಅಡಿಯ ದರವೊಂದನ್ನೇ ಕೇಳಬೇಡಿ. ಗುಂಡಿಯ ಅಳತೆ, ಪೈಪಿನ ದಪ್ಪ, ಶೀಟಿನ ದಪ್ಪ, ಬೋಲ್ಟಿನ ಸಂಖ್ಯೆ, ಯಾವ ಗಾಳಿ ವೇಗಕ್ಕೆ ವಿನ್ಯಾಸ ಎಂಬುದನ್ನು ಬರಹದಲ್ಲಿ ಕೇಳಿ. ಆ ಹಾಳೆಯನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರಿಗೋ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೋ ತೋರಿಸಿ ಸಹಿ ಪಡೆದ ಮೇಲೆಯೇ ಮುಂಗಡ ಕೊಡಿ.