ಹಿತ್ತಲ ಕೋಳಿಗಳಲ್ಲಿ ಅಜೀರ್ಣ ಮತ್ತು ಭೇದಿ: ಸಾಕಣೆದಾರರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಹಾಗೂ ಸುತ್ತಲಿನ ಜೋಳ, ತೊಗರಿ ಬೆಳೆಯುವ ಗ್ರಾಮಗಳಲ್ಲಿ ಹಿತ್ತಲ ಕೋಳಿಯು ಕುಟುಂಬಕ್ಕೆ ಮೊಟ್ಟೆಯನ್ನೂ, ವಿಶೇಷವಾಗಿ ಮಹಿಳೆಯರಿಗೆ ತುರ್ತಿನ ಹಣವನ್ನೂ ಒದಗಿಸುತ್ತದೆ. ಎಂಟು-ಹತ್ತು ಕೋಳಿಗಳಿರುವ ಮನೆಯಲ್ಲಿ ಒಂದು ವಾರದ ಭೇದಿಯು ಇಡೀ ಗೂಡನ್ನು ಬರಿದು ಮಾಡಬಲ್ಲದು. ಆದರೆ ಎಲ್ಲ ಭೇದಿಯೂ ಒಂದೇ ರೋಗವಲ್ಲ. ಲಕ್ಷಣಗಳನ್ನು ಗುರುತಿಸಿ ಸಕಾಲದಲ್ಲಿ ಪಶುವೈದ್ಯಕೀಯ ಸೇವೆ ಪಡೆಯಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಆರೋಗ್ಯವಂತ ಕೋಳಿಯ ಲಕ್ಷಣಗಳು

ಕೋಳಿಗೆ ಹಲ್ಲಿಲ್ಲ. ತಿಂದ ಕಾಳು ಮೊದಲು ಕೊರಳಿನ ಬುಡದ ಚೀಲದಲ್ಲಿ ನೆನೆದು, ನಂತರ ಸ್ನಾಯುಮಯ ಹೊಟ್ಟೆಯಲ್ಲಿ ಸಣ್ಣ ಹರಳುಗಳ ನೆರವಿನಿಂದ ಅರೆಯಲ್ಪಡುತ್ತದೆ. ಸಂಜೆ ತುಂಬಿರುವ ಕೊರಳಿನ ಚೀಲವು ಬೆಳಿಗ್ಗೆ ಖಾಲಿಯಾಗಿರಬೇಕು. ಹಿಕ್ಕೆಯು ಗಟ್ಟಿಯಾಗಿದ್ದು ತುದಿಯಲ್ಲಿ ಬಿಳಿ ಬಣ್ಣವಿರುತ್ತದೆ. ನಡುನಡುವೆ ಕಂದು ಬಣ್ಣದ ಅಂಟು ಹಿಕ್ಕೆ ಬೀಳುವುದು ಸಹಜ. ಬೇಸಿಗೆಯಲ್ಲಿ ಕೋಳಿ ಹೆಚ್ಚು ನೀರು ಕುಡಿಯುವುದರಿಂದ ಹಿಕ್ಕೆ ನೀರಾಗಬಹುದು. ಕೋಳಿ ಚುರುಕಾಗಿದ್ದು ಮೇಯುತ್ತಿದ್ದರೆ ಇದು ರೋಗವಲ್ಲ.

ಸಾಮಾನ್ಯ ತೊಂದರೆಗಳು

1. ಕೊರಳಿನ ಚೀಲ ಕಟ್ಟಿಕೊಳ್ಳುವುದು: ರಾಶಿಯ ದಿನಗಳಲ್ಲಿ ಕಾಳನ್ನು ಅತಿಯಾಗಿ ತಿನ್ನುವುದರಿಂದ, ಒಣ ನಾರು, ದಾರ, ಪ್ಲಾಸ್ಟಿಕ್ ಚೂರು ನುಂಗುವುದರಿಂದ ಚೀಲವು ಬೆಳಿಗ್ಗೆಯೂ ಗಟ್ಟಿಯಾಗಿರುತ್ತದೆ. ಕಾಳು ನಿಲ್ಲಿಸಿ ಶುದ್ಧ ನೀರನ್ನು ಮಾತ್ರ ಇಟ್ಟು, ಚೀಲವನ್ನು ಮೃದುವಾಗಿ ನೀವಬಹುದು. ಒಂದು ದಿನದಲ್ಲಿ ಸರಿಹೋಗದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಚೀಲ ಮೆತ್ತಗಾಗಿ ಬಾಯಿಯಿಂದ ಹುಳಿ ವಾಸನೆ ಬರುತ್ತಿದ್ದರೆ ಕೋಳಿಯನ್ನು ತಲೆಕೆಳಗಾಗಿ ಹಿಡಿಯಬಾರದು. ದ್ರವವು ಶ್ವಾಸನಾಳ ಸೇರಿ ಕೋಳಿ ಸಾಯಬಹುದು.

2. ರಕ್ತಭೇದಿ: ಸಾಮಾನ್ಯವಾಗಿ ಮೂರರಿಂದ ಆರು ವಾರದ ಮರಿಗಳಲ್ಲಿ ಕಂಡುಬರುತ್ತದೆ. ಮರಿಗಳು ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತವೆ. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯು ಒದ್ದೆ ನೆಲದಲ್ಲಿ ಒಂದೆರಡು ದಿನಗಳಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಗೂಡನ್ನು ಒಣದಾಗಿಡುವುದೇ ಮುಖ್ಯ ರಕ್ಷಣೆ. ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ನೀಡತಕ್ಕದ್ದು.

3. ಜಂತುಹುಳು: ಮೇಯ್ದರೂ ಕೋಳಿ ಸೊರಗುವುದು ಮತ್ತು ಮೊಟ್ಟೆ ಕಡಿಮೆಯಾಗುವುದು ಇದರ ಲಕ್ಷಣ. ನಿಯತವಾಗಿ ಜಂತುನಾಶಕ ನೀಡುವ ಬಗ್ಗೆ ಸಲಹೆ ಪಡೆಯಬೇಕು.

4. ಕೊಕ್ಕರೆ ರೋಗ (ರಾಣಿಖೇತ್): ಹಸಿರು ಮಿಶ್ರಿತ ಬಿಳಿ ಭೇದಿ, ಏದುಸಿರು, ಕತ್ತು ತಿರುಚಿಕೊಳ್ಳುವುದು ಮತ್ತು ಸರಣಿ ಸಾವು ಇದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ಇಲ್ಲ, ಲಸಿಕೆಯೊಂದೇ ಮಾರ್ಗ. ಮರಿಗೆ 5ರಿಂದ 7ನೇ ದಿನದಲ್ಲಿ ಎಫ್-1 ಅಥವಾ ಲಸೋಟಾ, ಸುಮಾರು 8ನೇ ವಾರದಲ್ಲಿ ಆರ್2ಬಿ ಲಸಿಕೆ ಹಾಕಿಸುವುದು ರೂಢಿಯಲ್ಲಿದೆ.

ಲಸಿಕೆಗೆ ಒಟ್ಟಾಗಿ ಕೋರುವುದು

ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಪ್ರಮಾಣವಿರುತ್ತದೆ. ಒಮ್ಮೆ ಬೆರೆಸಿದ ಲಸಿಕೆಯನ್ನು ಮರುದಿನಕ್ಕೆ ಇಡಲಾಗದು. ಆದುದರಿಂದ ಒಂದೇ ಓಣಿಯ ಸಾಕಣೆದಾರರು ಅಥವಾ ಸ್ವಸಹಾಯ ಸಂಘದ ಸದಸ್ಯರು ತಮ್ಮ ಕೋಳಿಗಳ ಸಂಖ್ಯೆ ಮತ್ತು ವಯಸ್ಸಿನ ಪಟ್ಟಿಯೊಂದಿಗೆ ಸಮೀಪದ ಪಶುವೈದ್ಯ ಸಂಸ್ಥೆಯಲ್ಲಿ ಒಟ್ಟಾಗಿ ಕೋರುವುದು ಸೂಕ್ತ.

ಸೇವೆ ಕೋರುವಾಗ ನೀಡಬೇಕಾದ ವಿವರಗಳು

ಒಟ್ಟು ಕೋಳಿಗಳು, ರೋಗಪೀಡಿತ ಹಾಗೂ ಸತ್ತ ಕೋಳಿಗಳ ಸಂಖ್ಯೆ, ವಯಸ್ಸು, ರೋಗ ಕಂಡ ದಿನಾಂಕ, ಹಿಕ್ಕೆಯ ಬಣ್ಣ, ಕೊಟ್ಟ ಆಹಾರ, ಹಿಂದೆ ಹಾಕಿಸಿದ ಲಸಿಕೆ ಮತ್ತು ಕೊಟ್ಟ ಔಷಧಿ. ಪಶು ಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962.

ಸಾಕಣೆದಾರರ ಗಮನಕ್ಕೆ

ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕುರಿತ 2009ರ ಕೇಂದ್ರ ಅಧಿನಿಯಮದ ಪಟ್ಟಿಯಲ್ಲಿ ರಾಣಿಖೇತ್ ಮತ್ತು ಹಕ್ಕಿಜ್ವರ ಸೇರಿವೆ. ಇಂತಹ ರೋಗದ ಶಂಕೆ ಬಂದಲ್ಲಿ ಮಾಲೀಕರು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸತಕ್ಕದ್ದು ಮತ್ತು ರೋಗಪೀಡಿತ ಕೋಳಿಗಳನ್ನು ಬೇರ್ಪಡಿಸತಕ್ಕದ್ದು. ಹಲವು ಕೋಳಿಗಳು ಒಮ್ಮೆಲೇ ಸತ್ತಾಗ ಅವುಗಳನ್ನು ಕೊಯ್ಯಬಾರದು. ಹಳ್ಳಕ್ಕೆ ಎಸೆಯಬಾರದು. ಉಳಿದವು ಕೈಬಿಟ್ಟು ಹೋದಾವೆಂದು ಸಂತೆಗೆ ಒಯ್ದು ಮಾರಿದರೆ ರೋಗವು ನೆರೆಯ ಊರುಗಳ ಗೂಡುಗಳಿಗೂ ತಲುಪುತ್ತದೆ. ಚಿಕಿತ್ಸೆಯಲ್ಲಿರುವ ಕೋಳಿಯ ಮೊಟ್ಟೆ, ಮಾಂಸವನ್ನು ಪಶುವೈದ್ಯರು ಸೂಚಿಸಿದ ಅವಧಿ ಮುಗಿಯುವವರೆಗೆ ಬಳಸಬಾರದು.

ಸಾರ್ವಜನಿಕರು ಪ್ರತಿದಿನ ಬೆಳಿಗ್ಗೆ ಗೂಡು ತೆರೆಯುವಾಗ ಕೋಳಿಯ ಕೊರಳು ಮತ್ತು ಹಿಕ್ಕೆಯನ್ನು ಪರಿಶೀಲಿಸಿ, ಸಂಶಯ ಬಂದ ದಿನವೇ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಲು ಕೋರಲಾಗಿದೆ.