ಗೋಲಿನ ಮುಂದೆ ನಿಂತ ಹುಡುಗ: ಶಾಲೆಯ ಪೀಡನೆ, ಸಂಕೋಚ ಮತ್ತು ಫುಟ್‌ಬಾಲ್

ಇಂಗ್ಲಿಷಿನ ‘ಬುಲ್ಲಿಯಿಂಗ್’ ಎಂಬುದಕ್ಕೆ ಸರಿಸಮನಾದ ಒಂದು ಪದ ಕನ್ನಡದ ದಿನಬಳಕೆಯಲ್ಲಿ ನೆಲೆಗೊಂಡಿಲ್ಲ. ಕೀಟಲೆ, ಚೇಷ್ಟೆ, ಗೇಲಿ, ರೇಗಿಸುವುದು ಇವೆಲ್ಲ ಹಗುರವಾದ ಮಾತುಗಳು. ಕೇಳಿದವರ ಮುಖದಲ್ಲಿ ನಗೆಯೇ ಮೂಡುತ್ತದೆ. ಹಿಂಸೆ, ಪೀಡನೆ ಎಂದರೆ ಪೊಲೀಸರ ನೆನಪಾಗುತ್ತದೆ. ನಡುವೆ ಇರುವ ಸಂಗತಿಗೆ ಹೆಸರಿಲ್ಲದ್ದರಿಂದಲೋ ಏನೋ, ನಮ್ಮ ಮನೆಗಳಲ್ಲಿ ಅದು ಬಹುಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ.

1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದ, ನಾರ್ವೆಯ ಬರ್ಗೆನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯುಸ್ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶವಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಇಬ್ಬರ ನಡುವೆ ಬಲದ ವ್ಯತ್ಯಾಸವಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ಬಲವೆಂದರೆ ತೋಳಿನ ಬಲವಷ್ಟೇ ಅಲ್ಲ. ಸಂಖ್ಯೆ ಬಲ, ಭಾಷೆ ಬಲ, ಮೊದಲೇ ಬಂದು ಸೀಟು ಹಿಡಿದವನ ಹಳಬತನವೂ ಬಲವೇ. ‘ನೀನೂ ತಿರುಗಿ ಬೈ’ ಎಂಬ ಹಿರಿಯರ ಬುದ್ಧಿಮಾತು ಕೆಲಸಕ್ಕೆ ಬಾರದಿರುವುದು ಈ ಕಾರಣಕ್ಕೆ. ತಿರುಗಿ ಬೈಯುವ ಬಲವಿದ್ದಿದ್ದರೆ ಮಗು ಆ ಸ್ಥಿತಿಗೆ ಬರುತ್ತಲೇ ಇರಲಿಲ್ಲ.

2018ರ ಏಪ್ರಿಲ್‌ನಲ್ಲಿ ನನ್ನ ಮಗ ಅಬುಧಾಬಿಯ ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಸೇರಿದ. ಅಲ್ಲಿಯವರೆಗೆ ಪುತ್ತೂರಿನ ಅಜ್ಜಿಮನೆಯಿಂದ ಕನ್ನಡ ಶಾಲೆಗೆ ಹೋಗುತ್ತಿದ್ದವನು; ಸ್ವಭಾವದಿಂದಲೇ ಮಾತು ಕಡಿಮೆ. ಅವನ ಇಂಗ್ಲಿಷನ್ನು ಅಣಕಿಸುವುದು ಬಸ್ಸಿನಲ್ಲಿ ನಿತ್ಯದ ಆಟವಾಯಿತು. ಬಳಿಕ ಚೀಲ ಕಸಿಯುವುದು, ಬುತ್ತಿಯ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುವುದು. ಇದೆಲ್ಲ ನಮಗೆ ತಿಳಿದದ್ದು ಹತ್ತು ತಿಂಗಳ ನಂತರ. ಆಗ ಕಾಣುತ್ತಿದ್ದದ್ದು ಇಷ್ಟೇ: ನೀರಿನ ಬಾಟಲಿ ತುಂಬಿದಂತೆಯೇ ಮರಳಿ ಬರುತ್ತಿತ್ತು, ಭಾನುವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. (2022ರ ಜನವರಿಯವರೆಗೆ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ, ಭಾನುವಾರವೇ ವಾರದ ಮೊದಲ ದಿನ.) ವೈದ್ಯರಿಗೆ ತೋರಿಸಿದೆವು, ಹುಳದ ಔಷಧ ಕೊಟ್ಟೆವು. ಹೊಸ ಊರು, ಸರಿಹೋಗುತ್ತದೆ ಎಂದುಕೊಂಡೆವು.

ಫುಟ್‌ಬಾಲ್ ನಾವು ಯೋಚಿಸಿ ಆರಿಸಿದ್ದಲ್ಲ. ಗಲ್ಫಿನ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವುದರಿಂದ ಮಕ್ಕಳ ಆಟವೆಲ್ಲ ಒಳಾಂಗಣಕ್ಕೆ, ಇಲ್ಲವೇ ಸೂರ್ಯಾಸ್ತದ ನಂತರ ದೀಪದ ಬೆಳಕಿನ ಕೃತಕ ಹುಲ್ಲಿನ ಅಂಗಳಗಳಿಗೆ ಸರಿಯುತ್ತದೆ. ನಮ್ಮ ಕಟ್ಟಡದ ಬಳಿ ಅಂಥದೊಂದು ಅಂಗಳವಿತ್ತು. ಕಾಸರಗೋಡಿನವರೊಬ್ಬರು ಹಗಲಲ್ಲಿ ಕಚೇರಿ ಕೆಲಸ ಮಾಡಿ ಸಂಜೆ ಹುಡುಗರಿಗೆ ಕಲಿಸುತ್ತಿದ್ದರು. ಮಲಬಾರು, ಕಾಸರಗೋಡು ಸೀಮೆಯವರು ತಮ್ಮ ‘ಸೆವೆನ್ಸ್’, ಎಂದರೆ ಏಳು ಜನರ ಫುಟ್‌ಬಾಲನ್ನು ಹೋದಲ್ಲೆಲ್ಲ ಕೊಂಡೊಯ್ದವರು. (ಇದು ನಮ್ಮ ಆಟವಲ್ಲ ಎನ್ನುವ ಕನ್ನಡಿಗರಿಗೆ ಒಂದು ಮಾತು: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು.) ತರಬೇತುದಾರರು ಕನ್ನಡ ಮಾತಾಡುತ್ತಾರೆ ಎಂಬುದೊಂದೇ ಕಾರಣಕ್ಕೆ ಮಗ ಹೋಗಲು ಒಪ್ಪಿದ.

ಹೊಸಬನಿಗೆ ಯಾರಿಗೂ ಬೇಡವಾದ ಗೋಲ್‌ಕೀಪರ್ ಸ್ಥಾನ ಸಿಕ್ಕಿತು. ನನಗೆ ಸಂಕಟವಾಯಿತು. ಆದರೆ ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಜಾಗ ಅವನಿಗೆ ಇರಲಿಲ್ಲ. ಐದು ಜನರ ಆಟದಲ್ಲಿ ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಒಂಬತ್ತು ವರ್ಷದವನೂ ಕಾಯಬಲ್ಲ. ಗಲ್ಲಿ ಕ್ರಿಕೆಟ್ಟಿನಲ್ಲಿ ಸಂಕೋಚದ ಹುಡುಗನನ್ನು ದೂರದ ಗಡಿಗೆ ಅಟ್ಟಿದರೆ ಚೆಂಡು ಅವನ ಬಳಿ ಬಾರದೆಯೇ ಸಂಜೆ ಕಳೆಯಬಹುದು. ಮೊದಲ ಎಸೆತಕ್ಕೆ ಔಟಾದರೆ ಮುಂದೆ ನೋಡುವುದಷ್ಟೇ ಕೆಲಸ. ಇಲ್ಲಿ ನಿಮಿಷಕ್ಕೊಮ್ಮೆ ಚೆಂಡು ಬರುತ್ತದೆ, ತಪ್ಪಿದರೂ ಮತ್ತೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗೋಲ್‌ಕೀಪರ್ ಕೂಗಲೇಬೇಕು. ಚೆಂಡು ಹಿಡಿಯಲು ಮುನ್ನುಗ್ಗುವಾಗ ‘ಕೀಪರ್!’ ಎಂದು ಗಟ್ಟಿಯಾಗಿ ಹೇಳದಿದ್ದರೆ ತನ್ನವರೇ ಬಂದು ಡಿಕ್ಕಿ ಹೊಡೆಯುತ್ತಾರೆ. ಮೊದಲ ಕೆಲವು ವಾರ ಇವನ ಬಾಯಿಂದ ಸದ್ದೇ ಹೊರಡಲಿಲ್ಲ. ತರಬೇತುದಾರರು ಗದರಲಿಲ್ಲ. “ಇಡೀ ಅಂಗಳ ಕಾಣುವುದು ನಿನಗೊಬ್ಬನಿಗೆ. ನೀನು ಹೇಳದಿದ್ರೆ ಅವರಿಗೆ ಗೊತ್ತಾಗುವುದು ಹೇಗೆ ಮಾರಾಯ?” ಎಂದು ಪ್ರತಿ ಸಂಜೆಯೂ ಅದನ್ನೇ ಹೇಳುತ್ತಿದ್ದರು.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ, ‘ಇದು ನನ್ನಿಂದಾದೀತು’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ ಎಂದು ವಿವರಿಸಿದರು: ತಾನೇ ಮಾಡಿ ಸಾಧಿಸಿದ ಅನುಭವ, ಇತರರು ಸಾಧಿಸುವುದನ್ನು ಕಾಣುವುದು, ಪರರ ಪ್ರೋತ್ಸಾಹದ ಮಾತು, ತನ್ನ ದೇಹ ಮನಸ್ಸುಗಳ ಆ ಹೊತ್ತಿನ ಸ್ಥಿತಿ. ಅತ್ಯಂತ ಪ್ರಬಲವಾದದ್ದು ಮೊದಲನೆಯದು. ಬರಿಯ ಮಾತಿನಿಂದ ಹುಟ್ಟಿದ ನಂಬಿಕೆ ಬೇಗ ಕರಗುತ್ತದೆ. ನಾನು ‘ನೀನು ಜಾಣ, ನೀನು ಧೈರ್ಯವಂತ’ ಎಂದು ವರ್ಷವಿಡೀ ಸುರಿದದ್ದು ಎಲ್ಲಿ ಹೋಯಿತೆಂದು ಇದನ್ನು ಓದಿದಾಗ ಅರ್ಥವಾಯಿತು.

ಎರಡನೆಯ ಮೂಲ ಅಚಾನಕವಾಗಿ ದೊರೆಯಿತು. 2019ರ ಏಷ್ಯನ್ ಕಪ್ ಯುಎಇಯಲ್ಲಿ ನಡೆಯಿತು. ಜನವರಿ 6ರಂದು ಅಬುಧಾಬಿಯ ಅಲ್ ನಹ್ಯಾನ್ ಕ್ರೀಡಾಂಗಣದಲ್ಲಿ ಭಾರತಕ್ಕೂ ಥಾಯ್ಲೆಂಡಿಗೂ ಪಂದ್ಯ. ಕಚೇರಿಯಲ್ಲಿ ಅನುಮತಿ ಕೇಳಿ ಅವನನ್ನು ಕರೆದೊಯ್ದೆ. ಸುನಿಲ್ ಛೆಟ್ರಿ ಹೊಡೆದ ಪೆನಾಲ್ಟಿ ಗೋಲಿಗೆ ಎಲ್ಲರೂ ಕುಣಿದರು. ಸ್ವಲ್ಪ ಹೊತ್ತಿನಲ್ಲೇ ಥಾಯ್ಲೆಂಡ್ ಸಮ ಮಾಡಿತು. ಮಗ ಅಲ್ಲಿಂದಾಚೆಗೆ ನೋಡಿದ್ದು ಒಬ್ಬರನ್ನೇ, ಗೋಲು ಬಿಟ್ಟುಕೊಟ್ಟ ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನು. ಅವರು ಎದ್ದು ಮತ್ತೆ ಗೋಲಿನ ಮುಂದೆ ನಿಂತರು, ಆಟ ಮುಂದುವರಿಯಿತು, ಭಾರತ 4–1ರಿಂದ ಗೆದ್ದಿತು. “ಅವರಿಗೆ ಯಾರೂ ಬೈಯಲಿಲ್ಲ” ಎಂದ, ಮನೆಗೆ ಬರುವಾಗ.

ಮುಂದಿನ ತಿಂಗಳು ಅವನ ಮೊದಲ ಪಂದ್ಯ, ದುಬೈಯ ಅಲ್ ಕೂಝ್‌ನ ಒಳಾಂಗಣವೊಂದರಲ್ಲಿ. ಐದು ಗೋಲು ಬಿಟ್ಟ. ಸೋತರು. ಆದರೆ ‘ಕೀಪರ್!’ ಎಂಬ ಕೂಗು ಆ ಕಡೆಯ ಗೋಡೆಯವರೆಗೆ ಕೇಳಿತು. ರಾತ್ರಿ ಅಬುಧಾಬಿಗೆ ಮರಳುವಾಗ, ಘಂತೂತ್ ದಾಟಿದ ಮೇಲೆ, ಹಿಂದಿನ ಸೀಟಿನಿಂದ ತಾನಾಗಿಯೇ ಬಸ್ಸಿನ ಕಥೆ ಆರಂಭಿಸಿದ. ಮೂವರ ಹೆಸರು, ಯಾವ ದಿನ ಏನು ಎಂಬುದು, ಎಲ್ಲ. ಕತ್ತಲಿತ್ತು, ನಾನು ರಸ್ತೆ ನೋಡುತ್ತಿದ್ದೆ, ಅವನ ಮುಖ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದನೋ ಇಲ್ಲವೋ.

ಇಲ್ಲಿಂದ ಮುಂದಿನದು ಫುಟ್‌ಬಾಲಿನ ಕೆಲಸವಲ್ಲ, ಹಿರಿಯರದು. ಆಟ ಕಲಿತ ಮಾತ್ರಕ್ಕೆ ಬಸ್ಸಿನಲ್ಲಿ ಯಾರೂ ಬದಲಾಗಿರಲಿಲ್ಲ. ಯುಎಇಯಲ್ಲಿ ‘ವದೀಮ ಕಾನೂನು’ ಎಂದೇ ಪರಿಚಿತವಾದ 2016ರ 3ನೆಯ ಸಂಖ್ಯೆಯ ಫೆಡರಲ್ ಕಾನೂನಿದೆ. ಹಿಂಸೆಗೆ ಸಿಕ್ಕಿ ಸತ್ತ ಎಂಟು ವರ್ಷದ ಬಾಲಕಿಯ ನೆನಪಿನದು. ದೈಹಿಕ, ಮಾನಸಿಕ ಹಿಂಸೆಯಿಂದ ಮಗುವಿಗೆ ರಕ್ಷಣೆ ಸಿಗುವುದು ಹಕ್ಕು ಎಂದು ಅದು ಹೇಳುತ್ತದೆ. ಪರದೇಶದವರಾದ ನಾವು ದೂರು ಕೊಡಲು ಅಂಜಬೇಕಾಗಿಲ್ಲ. ದಿನಾಂಕಗಳನ್ನು ಬರೆದುಕೊಂಡು ಶಾಲೆಗೆ ಹೋದೆ. ಮೊದಲ ಭೇಟಿಯಲ್ಲಿ ‘ಮಕ್ಕಳಾಟ’ ಎಂದರು. ಎರಡನೆಯ ಭೇಟಿಯಲ್ಲಿ ಆಪ್ತಸಲಹೆಗಾರ್ತಿ ಪಟ್ಟಿ ಓದಿ, ಬಸ್ಸಿನಲ್ಲಿ ಅವನ ಸೀಟನ್ನು ಸಹಾಯಕಿಯ ಪಕ್ಕಕ್ಕೆ ಬದಲಿಸಿದರು, ಆ ಮೂವರ ಪೋಷಕರನ್ನು ಕರೆಸಿದರು. ಇಬ್ಬರು ಬಿಟ್ಟರು. ಮೂರನೆಯವನ ಪಿಸುಮಾತು ವರ್ಷಾಂತ್ಯದವರೆಗೂ ನಡೆಯಿತು.

ಒಂದು ಎಚ್ಚರಿಕೆ ಹೇಳಬೇಕು. ಎಲ್ಲ ಅಂಗಳಗಳೂ ಹೀಗಿರುವುದಿಲ್ಲ. ಗೋಲು ಬಿಟ್ಟವನನ್ನು ಎಲ್ಲರೆದುರು ಹಂಗಿಸುವ, ಗೆಲುವೊಂದನ್ನೇ ಎಣಿಸುವ ತರಬೇತುದಾರರನ್ನೂ ಮುಂದೆ ಕಂಡಿದ್ದೇವೆ. ಅಂಥಲ್ಲಿ ಬಸ್ಸಿನಲ್ಲಿ ನಡೆದದ್ದೇ ಅಂಗಳದಲ್ಲೂ ನಡೆಯುತ್ತದೆ. ಸೇರಿಸುವ ಮೊದಲು ಎರಡು ಸಂಜೆ ಬದಿಯಲ್ಲಿ ಕುಳಿತು, ಸೋತ ಹುಡುಗನ ಜೊತೆ ಅವರು ಹೇಗೆ ಮಾತಾಡುತ್ತಾರೆಂದು ಕೇಳಿಸಿಕೊಳ್ಳಿ.

ಮಗ ಈಗ ಶಾಲೆ ಮುಗಿಸುವ ಹಂತದಲ್ಲಿದ್ದಾನೆ. ಗೋಲು ಬಿಟ್ಟು ರಕ್ಷಣಾ ಸಾಲಿನಲ್ಲಿ ಆಡುತ್ತಾನೆ, ಅಲ್ಲಿಂದಲೂ ಕೂಗುತ್ತಾನೆ. ನೆಂಟರು ಬಂದರೆ ಮಾತ್ರ ಇಂದಿಗೂ ನಮಸ್ಕಾರ ಮಾಡಿ ಕೋಣೆ ಸೇರುತ್ತಾನೆ, ನಾವು ಕರೆಯುವುದಿಲ್ಲ.