ತೆಂಗು ಬೆಳೆದಷ್ಟೂ ತಂಟೆ!

ಮಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಜ್ಪೆ, ಕೆಂಜಾರು, ಅದ್ಯಪಾಡಿ ಸುತ್ತಿನ ಗುಡ್ಡಗಳಲ್ಲಿ ಬಾಳುವವರು ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬಹುದು: ತೆಂಗು ನೆಟ್ಟು ನೋಡು!

ಕಾರಣ ವಿಮಾನ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಬಂದಿಳಿದು ಉದ್ಘಾಟಿಸಿದ ಬಜ್ಪೆ ನಿಲ್ದಾಣಕ್ಕೆ ಆಗ ಇದ್ದದ್ದು 1,615 ಮೀಟರಿನ ಓಡುದಾರಿ. 2006ರ ಮೇ ತಿಂಗಳಲ್ಲಿ 2,450 ಮೀಟರಿನ ಎರಡನೆಯದು ಬಂತು. ದೊಡ್ಡ ವಿಮಾನಗಳೂ ಬಂದವು. ನೆಲದ ಮೇಲಿನ ಬೇಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆಕಾಶಕ್ಕೆ ಹಾಕಿದ ಬೇಲಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ತಂಟೆ ಇರುವುದೇ ಅಲ್ಲಿ.

ಕಾಣದ ಚಪ್ಪರ

ಈ ಬೇಲಿಯನ್ನು ಒಂದು ಚಪ್ಪರವೆಂದು ತಿಳಿದರೆ ಸುಲಭ. ದೊಡ್ಡ ನಿಲ್ದಾಣಗಳ ಸುತ್ತ ಸುಮಾರು 4 ಕಿಲೋಮೀಟರ್‌ವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ ಈ ಚಪ್ಪರ ಸಮತಟ್ಟಾಗಿ ಹರಡಿದೆ. ಅದರಾಚೆಗೆ 20 ಮೀಟರ್ ದೂರಕ್ಕೆ 1 ಮೀಟರಿನಂತೆ ಮೇಲೇರುತ್ತದೆ. ಓಡುದಾರಿಯ ಎರಡು ತುದಿಗಳಲ್ಲಿ ಮಾತ್ರ ಬಲು ಬಿಗಿ. ಅಲ್ಲಿ 50 ಮೀಟರ್ ದೂರಕ್ಕೆ ಬರೇ 1 ಮೀಟರ್ ಏರಿಕೆ. ಒಂದು ಕಿಲೋಮೀಟರ್ ಆಚೆ ಹೋದರೂ ಓಡುದಾರಿಯ ಮಟ್ಟದಿಂದ 20 ಮೀಟರ್ ಅಷ್ಟೇ. ಚೆನ್ನಾಗಿ ಬೆಳೆದ ಊರಿನ ತೆಂಗಿನ ಮರ 25 ಮೀಟರ್ ದಾಟುವುದುಂಟು. ಆಯ್ತಲ್ಲ ಲೆಕ್ಕ!

ಈ ಚಪ್ಪರ ತೂತಾದರೆ ಏನಾಗುತ್ತದೆ? ಮಳೆಗಾಲದ ಮೋಡದಲ್ಲಿ ಇಳಿಯುವ ಚಾಲಕನಿಗೆ ಕೆಳಗಿನದು ಕಾಣದು. ಉಪಕರಣ ತೋರಿಸಿದ ಇಳಿಜಾರನ್ನು ನಂಬಿಯೇ ಬರಬೇಕು. ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೆ ಉಳಿದ ಒಂದರಲ್ಲೇ ನಿಧಾನಕ್ಕೆ ಏರಬೇಕು. ಆಗ ದಾರಿಯಲ್ಲಿ ಎದ್ದು ನಿಂತ ಮರವೂ ಯಮನೇ, ಗೋಪುರವೂ ಯಮನೇ.

ಪೇಟೆಗೆ ಬೆಣ್ಣೆ, ಗುಡ್ಡಕ್ಕೆ ಸುಣ್ಣ?

"ಪೇಟೆಯಲ್ಲಿ ಮೂವತ್ತು ಮಾಳಿಗೆ ಏಳಬಹುದು, ಗುಡ್ಡದವರ ಎರಡು ಮಾಳಿಗೆಗೆ ನೂರು ಕಾಗದ! ಇದೆಂತ ನ್ಯಾಯ ಮಾರಾಯ್ರೇ?" ಇಂಥ ಪ್ರಶ್ನೆ ಯಾರಿಗಾದರೂ ಹುಟ್ಟುವಂಥದ್ದೇ.

ಉತ್ತರ ಇರುವುದು ಸಮುದ್ರದಲ್ಲಿ. ಎತ್ತರವನ್ನು ಅಳೆಯುವುದು ಅಂಗಳದಿಂದಲ್ಲ, ಸಮುದ್ರಮಟ್ಟದಿಂದ. ಬಜ್ಪೆ ನಿಲ್ದಾಣ ಸಮುದ್ರಮಟ್ಟದಿಂದ 103 ಮೀಟರ್ ಮೇಲಿದೆ. ಅದಕ್ಕೆ 45 ಕೂಡಿಸಿದರೆ 148. ಇತರ ನಿರ್ಬಂಧಗಳನ್ನು ಬದಿಗಿಟ್ಟು ನೋಡಿ: 20 ಮೀಟರ್ ಎತ್ತರದ ತಗ್ಗಿನಲ್ಲಿ ಜಾಗ ಇದ್ದವನಿಗೆ 128 ಮೀಟರ್ ಆಕಾಶ ಸಿಕ್ಕಿತು. 120 ಮೀಟರಿನ ಗುಡ್ಡದ ತಲೆಯಲ್ಲಿ ಇದ್ದವನಿಗೆ ಉಳಿದದ್ದು ಬರೇ 28. ಓಡುದಾರಿಯ ನೇರಕ್ಕೆ ಬಂದರಂತೂ ಅದೂ ಇಲ್ಲ. ಪಕ್ಷಪಾತ ಕಾನೂನಿನದ್ದಲ್ಲ, ನೆಲದ್ದು. ಆದರೆ ಇದನ್ನು ಗುಡ್ಡದವನ ಮನೆಬಾಗಿಲಿಗೆ ಬಂದು ಹೇಳುವವರು ಯಾರು?

ಲೈಸೆನ್ಸ್ ಸಿಕ್ಕಿದರೆ ಸಾಲದು

2015ರ ನಿಯಮಗಳ ಪ್ರಕಾರ ನಿಲ್ದಾಣದಿಂದ 20 ಕಿಲೋಮೀಟರ್ ಒಳಗಿನ ಕಟ್ಟಡಗಳ ಎತ್ತರಕ್ಕೆ ಲಗಾಮು ಇದೆ. ಅಂದರೆ ಕದ್ರಿ, ಹಂಪನಕಟ್ಟೆ, ಸುರತ್ಕಲ್, ಗುರುಪುರ ಎಲ್ಲವೂ ಒಳಗೇ. ಬಣ್ಣ ಬಣ್ಣದ ನಕ್ಷೆಯಲ್ಲಿ ಯಾವ ಚೌಕಕ್ಕೆ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಅದರೊಳಗೆ ಇದ್ದರೆ ಸ್ಥಳೀಯ ಸಂಸ್ಥೆಯೇ ಪರವಾನಿಗೆ ಕೊಡಬಹುದು. ಮೀರಿದರೆ, ಅಥವಾ ಜಾಗ ಕೆಂಪು ಬಣ್ಣದಲ್ಲಿದ್ದರೆ, ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು.

ಇಲ್ಲೊಂದು ಗುಟ್ಟು. ಪತ್ರದಲ್ಲಿ ಬರೆದ ಎತ್ತರ ತಾರಸಿಗೆ ಮುಗಿಯುವುದಿಲ್ಲ. ನೀರಿನ ಟ್ಯಾಂಕು, ಮೆಟ್ಟಿಲಿನ ಕೋಣೆ, ಆ್ಯಂಟೆನಾ, ಸಿಡಿಲು ತಡೆಯುವ ಕಂಬಿ ಎಲ್ಲವೂ ಅದರೊಳಗೇ ಇರಬೇಕು. ಮನೆ ಮುಗಿದ ಮೇಲೆ ಟ್ಯಾಂಕು ಕೂರಿಸಿ ಸಿಕ್ಕಿಬೀಳುವವನು ಗೃಹಪ್ರವೇಶದ ಸಾಲ ತೀರಿಸುವ ಮುಂಚೆಯೇ ಸುತ್ತಿಗೆಯ ಸದ್ದು ಕೇಳಬೇಕಾದೀತು.

ಮರ ಅರ್ಜಿ ಹಾಕುವುದಿಲ್ಲ

ಕಟ್ಟಡಕ್ಕೆ ನಕ್ಷೆಯಿದೆ, ಅರ್ಜಿಯಿದೆ. ಮರಕ್ಕೆ? ಗೇಣುದ್ದದ ಸಸಿ ನೆಡುವಾಗ ಯಾವ ಕಚೇರಿಗೆ ಓಡುವುದು? ನೆಟ್ಟ ದಿನ ಅದು ನಿರಪರಾಧಿ. ಇಪ್ಪತ್ತು ವರ್ಷ ನೀರು ಹೊಯ್ದು ಸಾಕಿದ ಮೇಲೆ ಅದೇ ಮರ ಅಪರಾಧಿ! 1934ರ ಹಳೆಯ ವಿಮಾನ ಕಾಯಿದೆಗೆ ಸೇರಿಸಿದ ವಿಧಿಯಲ್ಲೇ ಕಟ್ಟಡದ ಜತೆ ಮರವನ್ನೂ ಹೆಸರಿಸಿತ್ತು. 1994ರಲ್ಲಿ ತೆರವಿನ ನಿಯಮಗಳು ಬಂದವು. 2025ರ ಜನವರಿ 1ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ವಿಮಾನ ಬಿದ್ದು ವೈದ್ಯ ವಿದ್ಯಾರ್ಥಿಗಳ ವಸತಿ ನಿಲಯ ಸುಟ್ಟುಹೋದ ಆರೇ ದಿನಕ್ಕೆ ಕೇಂದ್ರ ಸರಕಾರ ತೆರವಿನ ಹೊಸ ಕರಡು ಹೊರಡಿಸಿತು. ಆಜ್ಞೆ ಬಂದ 60 ದಿನದೊಳಗೆ ಎತ್ತರ ಇಳಿಸಬೇಕು, ಸಕಾರಣವಿದ್ದರೆ ಇನ್ನೂ 60 ದಿನ, ಆಮೇಲೆ ಜಿಲ್ಲಾಧಿಕಾರಿಯ ಕೈಯಲ್ಲಿ ತೆರವು ಎಂದಿತು ಆ ಕರಡು. ಅಪೀಲಿಗೂ ಪರಿಹಾರಕ್ಕೂ ಜಾಗ ಇಟ್ಟಿತು. ಆದರೆ ಅಧಿಸೂಚನೆಯ ನಂತರ ನಿಯಮ ಮೀರಿ ಎದ್ದದ್ದಕ್ಕೆ ಕಾಸೂ ಇಲ್ಲ ಎಂದಿತು. ಅಧಿಸೂಚನೆ ಯಾವಾಗ ಹೊರಟಿತು ಎಂದು ತೋಟದವನಿಗೆ ತಿಳಿದಿರಬೇಡವೇ?

ಕಟ್ಟೆಯೂ ಕಾನೂನಿನೊಳಗೇ

ಜೀವದ ಬೆಲೆ ಏನೆಂದು ಕೆಂಜಾರಿನ ಕಣಿವೆಗೆ ಯಾರೂ ಕಲಿಸಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ಅಲ್ಲಿ 158 ಜೀವ ಹೋಯಿತು. ಬದುಕಿ ಬಂದವರು ಎಂಟೇ ಜನ. ಅಂದಿನ ದುರಂತಕ್ಕೆ ಮರವೂ ಕಾರಣವಲ್ಲ, ಮನೆಯೂ ಅಲ್ಲ. ವಿಮಾನ ತಡವಾಗಿ ನೆಲ ಮುಟ್ಟಿ ಓಡುದಾರಿ ಮೀರಿತು. ಆಗ ಅದರ ಬಲರೆಕ್ಕೆ ಬಡಿದದ್ದು ನಿಲ್ದಾಣದ್ದೇ ಆ್ಯಂಟೆನಾ ಹೊತ್ತ ಕಾಂಕ್ರೀಟು ಕಟ್ಟೆಗೆ. ಅಡ್ಡಿ ಎಂದರೆ ಬಡವನ ತೆಂಗು ಮಾತ್ರ ಅಲ್ಲ ಎನ್ನಲು ಇಷ್ಟು ಸಾಕು.

ಆದ್ದರಿಂದ ಆಗಬೇಕಾದ್ದು ಇಷ್ಟೇ. ಎತ್ತರದ ನಕ್ಷೆ ಕನ್ನಡದಲ್ಲಿ ಪ್ರತಿ ಪಂಚಾಯತಿಯ ಗೋಡೆಯ ಮೇಲೆ ತೂಗಲಿ. ಗುಡ್ಡದವನಿಗೆ ಸಸಿ ನೆಡುವ ಮೊದಲೇ ಗಿಡ್ಡ ತಳಿ ನೆಡಿ ಎಂಬ ಮಾತು ಮುಟ್ಟಲಿ. ಕೊಡಲಿ ಬರುವ ಮೊದಲು ಪರಿಹಾರದ ಲೆಕ್ಕ ಬರಲಿ.

ವಿಮಾನ ಸುಖವಾಗಿ ಇಳಿಯಬೇಕು, ಸರಿ. ತೋಟದವನ ತಲೆಯ ಮೇಲೆ ಇಳಿಯುವುದು ಬೇಡ.